ಹಳೇ ಅಡಿಗಲ್ಲು, ವೈಸ್, ಬ್ಲೋವರ್: ಕಡಿಮೆ ಬೆಲೆಗೆ ಹುಡುಕುವುದು ಹೇಗೆ?

ಇದ್ದಿಲಬುಟ್ಟಿ:

ಎಲ್ಲರಿಗೂ ನಮಸ್ಕಾರ. ಮನೆ ಹಿಂದಿನ ಶೆಡ್‌ನಲ್ಲಿ ಸಣ್ಣದೊಂದು ಕುಲುಮೆ ಹಾಕುವ ಆಸೆ. ಹೊಟ್ಟೆಪಾಡಿಗಲ್ಲ, ಸುಮ್ನೆ ಹವ್ಯಾಸಕ್ಕೆ. ಮೊದಲು ಕೊಕ್ಕೆ, ಚಿಲಕ, ಸಣ್ಣ ತೋಟದ ಸಾಮಾನು. ಕೈ ಪಳಗಿದ ಮೇಲೆ ಚಾಕು.

ಬೇಕಾದ್ದರ ಪಟ್ಟಿ ಮಾಡಿದ್ದೇನೆ. ಅಡಿಗಲ್ಲು (ಕಾದ ಕಬ್ಬಿಣ ಮೇಲಿಟ್ಟು ಬಡಿಯುವ ದಿಮ್ಮಿ), ಲೆಗ್ ವೈಸ್ (ಕಬ್ಬಿಣವನ್ನು ದವಡೆಯಲ್ಲಿ ಬಿಗಿಯಾಗಿ ಹಿಡಿಯುವ, ಉದ್ದ ಕಾಲಿನ ಸಾಧನ), ಕುಲುಮೆಗೆ ಗಾಳಿ ಊದಲು ಕೈಯಲ್ಲಿ ತಿರುಗಿಸುವ ಬ್ಲೋವರ್, ನಾಲ್ಕಾರು ಇಕ್ಕಳ, ಸುತ್ತಿಗೆ, ಬೆಂಚ್ ಗ್ರೈಂಡರ್, ಒಂದು ಡ್ರಿಲ್ ಮೆಷಿನ್. ಹೊಸದರ ಬೆಲೆ ವಿಚಾರಿಸಿದೆ. ಅಡಿಗಲ್ಲು ಒಂದಕ್ಕೇ ನಾನು ಎತ್ತಿಟ್ಟ ದುಡ್ಡೆಲ್ಲ ಹೋಗುತ್ತದೆ. ಹಾಗಾಗಿ ಹಳೆಯದೇ ಗತಿ.

ಜಾಹೀರಾತಿನಲ್ಲಿ ಒಂದು ಅಡಿಗಲ್ಲು ಕಣ್ಣಿಗೆ ಬಿದ್ದಿದೆ. ಕಪ್ಪು ಬಣ್ಣ ಬಳಿದು, ಮೇಲ್ಮೈ ಫಳಫಳ ಹೊಳೆಯುವ ಹಾಗೆ ಮಾಡಿದ್ದಾರೆ. ಪಕ್ಕದಲ್ಲಿ 1 2 10 ಅಂತ ಅಂಕಿ ಕೊರೆದಿದೆ. ಮಾರುವವರು "ಇದು 121 ಕೆ.ಜಿ., ಅಲ್ಲೇ ಬರೆದಿದೆ ನೋಡಿ" ಎನ್ನುತ್ತಾರೆ. ಕೊನೆಯ ಸೊನ್ನೆ ಯಾಕೆ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಕೆ.ಜಿ. ಲೆಕ್ಕದಲ್ಲಿ ದುಡ್ಡು ಕೇಳುತ್ತಿದ್ದಾರೆ. ತೆಗೆದುಕೊಳ್ಳಬಹುದಾ? ಹಳೇ ಸಾಮಾನು ನೋಡುವಾಗ ಏನನ್ನು ಪರೀಕ್ಷೆ ಮಾಡಬೇಕು, ಎಲ್ಲಿ ಹುಡುಕಬೇಕು, ಸ್ವಲ್ಪ ಹೇಳಿ.

---

ಹಳೇಫಿಟ್ಟರ್:

ಮೊದಲು ಆ ಪಟ್ಟಿಯನ್ನು ತಲೆಕೆಳಗು ಮಾಡಿ. ಅಡಿಗಲ್ಲು ಕೊನೆಗೆ ಹೋಗಲಿ, ವೈಸ್ ಮೊದಲಿಗೆ ಬರಲಿ. ಕಾರಣ ಹೇಳುತ್ತೇನೆ.

ಅಡಿಗಲ್ಲನ್ನು ಈಗ ಕಮ್ಮಾರರಷ್ಟೇ ಕೊಳ್ಳುತ್ತಿಲ್ಲ. ವರಾಂಡದಲ್ಲಿ ಇಟ್ಟು ಮೇಲೆ ಹೂವಿನ ಕುಂಡ ಕೂರಿಸುವವರೂ ಕೊಳ್ಳುತ್ತಾರೆ. ಅವರ ಜೊತೆ ಪೈಪೋಟಿಗೆ ಇಳಿದರೆ ನಾವು ಸೋಲುತ್ತೇವೆ. ಲೆಗ್ ವೈಸ್ ಹಾಗಲ್ಲ. ಉದ್ದ ಕಾಲು, ತುಕ್ಕು, ನೋಡಲು ಅಂದವಿಲ್ಲ. ಗುಜರಿಯವರಿಗೂ ಅದು ಏನು ಅಂತ ಗೊತ್ತಿರುವುದಿಲ್ಲ. ಒಂದೇ ಕಬ್ಬಿಣಕ್ಕೆ ಎರಡು ಬೆಲೆ ಇರುತ್ತದೆ. 'ಪುರಾತನ' ಅಂತ ಚೀಟಿ ಅಂಟಿಸಿದರೆ ಒಂದು, ರಾಶಿಯಲ್ಲಿ ಬಿದ್ದಿದ್ದರೆ ಒಂದು. ನೀವು ಚೀಟಿ ಅಂಟುವ ಮೊದಲು ಅಲ್ಲಿ ಇರಬೇಕು. ಇಷ್ಟೇ ಈ ವ್ಯಾಪಾರ.

ಈಗ ನಿಮ್ಮ 1 2 10. ಅದು ಕೆ.ಜಿ. ಅಲ್ಲ. ಇಂಗ್ಲೆಂಡಿನ ಹಳೇ ಅಡಿಗಲ್ಲುಗಳಲ್ಲಿ ತೂಕವನ್ನು ಹಂಡ್ರೆಡ್‌ವೆಯ್ಟ್ ಲೆಕ್ಕದಲ್ಲಿ ಕೊರೆಯುತ್ತಿದ್ದರು. ಮೊದಲ ಅಂಕಿ ಹಂಡ್ರೆಡ್‌ವೆಯ್ಟ್, ಅಂದರೆ 112 ಪೌಂಡ್. ಎರಡನೆಯದು ಅದರ ಕಾಲುಭಾಗ, ಒಂದೊಂದಕ್ಕೆ 28 ಪೌಂಡ್. ಮೂರನೆಯದು ಉಳಿದ ಬಿಡಿ ಪೌಂಡ್. ನಿಮ್ಮದು 112, ಮೇಲೆ 56, ಮೇಲೆ 10. ಒಟ್ಟು 178 ಪೌಂಡ್. ಸುಮಾರು 81 ಕೆ.ಜಿ. ಆಯಿತು. ಉಳಿದ 40 ಕೆ.ಜಿ.ಗೆ ಅವರು ಗಾಳಿಗೆ ದುಡ್ಡು ಕೇಳುತ್ತಿದ್ದಾರೆ. ಬೇಕಂತಲೇ ಮೋಸ ಅಂತ ನಾನು ಹೇಳುವುದಿಲ್ಲ. ಮಾರುವವರಿಗೂ ಎಷ್ಟೋ ಸಲ ಇದು ಗೊತ್ತಿರುವುದಿಲ್ಲ. ಜಗಳ ಬೇಡ, "ತಕ್ಕಡಿಗೆ ಹಾಕಿ" ಅನ್ನಿ. ಅಮೆರಿಕದ ಅಡಿಗಲ್ಲಿನಲ್ಲಾದರೆ ಸಾಮಾನ್ಯವಾಗಿ ನೇರವಾಗಿ ಪೌಂಡಿನಲ್ಲೇ ಇರುತ್ತದೆ. ಯಾವ ದೇಶದ್ದು ಅಂತ ನೋಡಿ ಆಮೇಲೆ ಗುಣಿಸಿ.

ತೂಕಕ್ಕಿಂತ ನನಗೆ ಆ ಹೊಳಪಿನದೇ ಚಿಂತೆ. ಹಳೇ ಅಡಿಗಲ್ಲುಗಳಲ್ಲಿ ತುಂಬಾ ಕಡೆ ಮೈ ಮೆದು ಕಬ್ಬಿಣ, ಮೇಲೆ ಮಾತ್ರ ಹದ ಹಾಕಿದ (ಕಾಯಿಸಿ, ತಣಿಸಿ ಗಟ್ಟಿ ಮಾಡಿದ) ಉಕ್ಕಿನ ಹಲಗೆ. ಆ ಹಲಗೆಯೇ ಅಡಿಗಲ್ಲಿನ ಜೀವ. ಯಾರೋ ಮೆಷಿನ್‌ಗೆ ಹಾಕಿ ಮೇಲ್ಮೈ ಸಮ ಮಾಡಿದ್ದರೆ ಆ ಹಲಗೆ ಅಷ್ಟು ತೆಳ್ಳಗಾಗಿರುತ್ತದೆ. ಪಕ್ಕದಿಂದ ನೋಡಿ, ಬಣ್ಣ ಕೆರೆದು ನೋಡಿ. ಸೇರಿಕೆಯ ಗೆರೆ ಕಂಡರೆ ಹಲಗೆ ಎಷ್ಟು ದಪ್ಪ ಉಳಿದಿದೆ ಅಂತ ಗೊತ್ತಾಗುತ್ತದೆ. ಕಪ್ಪು ಬಣ್ಣದ ಕೆಳಗೆ ಬಿರುಕನ್ನೂ ಮುಚ್ಚಬಹುದು, ವೆಲ್ಡಿಂಗ್ ತೇಪೆಯನ್ನೂ ಮುಚ್ಚಬಹುದು. ಬಣ್ಣ ಬಳಿದ ಅಡಿಗಲ್ಲಿಗಿಂತ ಮೇಲೆ ತುಕ್ಕು ಹಿಡಿದು, ಅಂಚು ಅಲ್ಲಲ್ಲಿ ಒಡೆದದ್ದೇ ನನಗೆ ಇಷ್ಟ. ಅದು ಏನನ್ನೂ ಬಚ್ಚಿಡುವುದಿಲ್ಲ.

ಪರೀಕ್ಷೆಗೆ ಜೇಬಿನಲ್ಲಿ ಒಂದು ಇಂಚಿನ ಬೇರಿಂಗ್ ಗುಂಡು ಇಟ್ಟುಕೊಳ್ಳಿ, ಜೊತೆಗೆ ಒಂದು ಸಣ್ಣ ಸ್ಕೇಲ್. ಗುಂಡನ್ನು 25 ಸೆಂ.ಮೀ. ಎತ್ತರದಿಂದ ಬಿಡಿ. ವಾಪಸ್ 20 ಸೆಂ.ಮೀ. ಹತ್ತಿರ ಪುಟಿದರೆ ಒಳ್ಳೆಯ ಮಾಲು. ಅರ್ಧಕ್ಕೂ ಬರದಿದ್ದರೆ ಮೆದು. ಒಂದೇ ಕಡೆ ಬಿಡಬೇಡಿ, ಈ ತುದಿಯಿಂದ ಆ ತುದಿಯವರೆಗೆ ಬಿಡುತ್ತಾ ಹೋಗಿ. ಒಂದು ಜಾಗದಲ್ಲಿ ಮಾತ್ರ ಗುಂಡು ಸತ್ತ ಹಾಗೆ ಕೂತರೆ ಅಲ್ಲಿ ಹಲಗೆ ಬಿಟ್ಟುಕೊಂಡಿದೆ, ಇಲ್ಲವೇ ರಿಪೇರಿ ಆಗಿದೆ. ಇಡೀ ಮೇಲ್ಮೈ ಮೆದು ಅನಿಸಿದರೆ ಬೆಂಕಿ ಅನಾಹುತದಲ್ಲಿ ಸಿಕ್ಕಿ ಹದ ಹೋಗಿರಬಹುದು. ಹಳೇ ಅರ ಒಂದಿದ್ದರೆ ಅಂಚಿನ ಮೇಲೆ ಎಳೆದು ನೋಡಿ. ಗಟ್ಟಿ ಮೇಲ್ಮೈಯಲ್ಲಿ ಅರ ಜಾರುತ್ತದೆ, ಮೆದುವಾದರೆ ಕಚ್ಚುತ್ತದೆ.

ಸದ್ದು ಕೇಳಿ ಹೇಳುವವರೂ ಇದ್ದಾರೆ. ಗಂಟೆಯ ಹಾಗೆ ಕಣಕಣ ಅಂದರೆ ಒಳ್ಳೆಯದು ಅಂತ. ಪೂರ್ತಿ ನಂಬಬೇಡಿ. ಫಿಶರ್ ಅಂತ ಅಮೆರಿಕದ ಒಂದು ಹೆಸರಿದೆ. ಬೀಡು ಕಬ್ಬಿಣದ ಮೈಗೆ ಉಕ್ಕಿನ ಹಲಗೆಯನ್ನು ಎರಕದಲ್ಲೇ ಬೆಸೆದದ್ದು. ಅದು ಸದ್ದೇ ಮಾಡುವುದಿಲ್ಲ, ಆದರೆ ಕೆಲಸಕ್ಕೆ ಉತ್ತಮ. ನಿಮ್ಮ ಶೆಡ್ ಪಕ್ಕದಲ್ಲಿ ಬೇರೆ ಮನೆ ಇದ್ದರೆ ಅಂಥದ್ದೇ ಸಿಗಲಿ ಅಂತ ಹರಸುತ್ತೇನೆ.

ಅಡಿಗಲ್ಲು ಸಿಗುವ ತನಕ ಸುಮ್ಮನೆ ಕೂರಬೇಡಿ. ಸುತ್ತಿಗೆ ಏಟಿನ ಕೆಳಗೆ ತೂಕ ಇರಬೇಕು, ಮೇಲ್ಮೈ ಗಟ್ಟಿ ಇರಬೇಕು. ಅಡಿಗಲ್ಲಿನ ಚೂಪು ತುದಿಯ ಕೊಂಬು, ಉಪಕರಣ ಸಿಕ್ಕಿಸುವ ಚೌಕ ತೂತು ಎಲ್ಲ ಆಮೇಲೆ. ಫೋರ್ಕ್‌ಲಿಫ್ಟ್‌ನ ಸಾಮಾನು ಎತ್ತುವ ಹಳೇ ಕಾಲು ನೋಡಿ, ಒಳ್ಳೆಯ ಉಕ್ಕು. 100 ಮಿ.ಮೀ. ಅಗಲ, 40 ಮಿ.ಮೀ. ದಪ್ಪ ಇದ್ದರೆ ಒಂದು ಮೀಟರಿಗೇ 31 ಕೆ.ಜಿ. ಬರುತ್ತದೆ. ರೈಲು ಕಂಬಿಯೂ ಆಗುತ್ತದೆ. ಮೀಟರಿಗೆ 60 ಕೆ.ಜಿ. ತೂಗುವ ಕಂಬಿಯಲ್ಲಿ 60 ಸೆಂ.ಮೀ. ತುಂಡು ಅಂದರೆ 36 ಕೆ.ಜಿ. ಇದನ್ನು ಎಲ್ಲರೂ ಮಲಗಿಸಿ ಬಡಿಯುತ್ತಾರೆ. ಮಲಗಿಸಿದರೆ ನಡುವಿನ ತೆಳು ಭಾಗ ಸ್ಪ್ರಿಂಗಿನ ಹಾಗೆ ಅದುರುತ್ತದೆ. ನೆಟ್ಟಗೆ ನಿಲ್ಲಿಸಿ. ಬಡಿಯುವ ಜಾಗ ಅಂಗೈಯಷ್ಟೂ ಸಿಗುವುದಿಲ್ಲ, ಆದರೆ ಕಾದ ಕಬ್ಬಿಣಕ್ಕೆ ಒಂದು ಏಟಿಗೆ ಬೇಕಾದ್ದು ಅಷ್ಟೇ ಜಾಗ. ಕಂಬಿ ಕೊಳ್ಳುವಾಗ ಮಾತ್ರ ಬಿಲ್ ಕೇಳಿ. ಕದ್ದ ರೈಲ್ವೆ ಮಾಲು ಮನೆಯಲ್ಲಿ ಸಿಕ್ಕರೆ ಹವ್ಯಾಸ ಅಂತ ಹೇಳಿ ಪಾರಾಗಲು ಆಗುವುದಿಲ್ಲ.

ವೈಸ್ ವಿಷಯ. ಬೆಂಚ್ ವೈಸ್ ಬೇಡ. ಅದರ ಮೈ ಹೆಚ್ಚಾಗಿ ಬೀಡು ಕಬ್ಬಿಣ, ಸಮ್ಮಟಿಗೆ ಏಟಿಗೆ ಸೀಳುತ್ತದೆ. ಲೆಗ್ ವೈಸ್‌ನ ಕಾಲು ನೆಲಕ್ಕೆ ಊರಿರುತ್ತದೆ, ಏಟು ನೆಲಕ್ಕೆ ಇಳಿಯುತ್ತದೆ. ಕೊಳ್ಳುವಾಗ ನೋಡಬೇಕಾದ್ದು ಸ್ಕ್ರೂ, ಮತ್ತೆ ಅದು ಕೂರುವ ಡಬ್ಬಿಯ ಒಳಮರೆ (ಒಳಗಿನ ತಿರುಪಿನ ಹಲ್ಲು). ಪೂರ್ತಿ ಬಿಚ್ಚಿ ಹೊರಗೆ ತೆಗೆಸಿ. ಮರೆಯ ಹಲ್ಲು ಚೌಕವಾಗಿದ್ದರೆ ಸರಿ, ಚಾಕುವಿನ ಬಾಯಿಯ ಹಾಗೆ ಚೂಪಾಗಿದ್ದರೆ ಬಿಟ್ಟು ಬನ್ನಿ. ದವಡೆಯನ್ನು ಹೊರಗೆ ತಳ್ಳುವ ಸ್ಪ್ರಿಂಗ್ ಇಲ್ಲ, ಬೆಂಚಿಗೆ ಕಟ್ಟುವ ಪಟ್ಟಿ ಇಲ್ಲ ಅಂದರೆ ಬೇಜಾರು ಬೇಡ. ಅದನ್ನು ನೀವೇ ಮಾಡಿಕೊಳ್ಳುತ್ತೀರಿ. ಆದರೆ ಮುಖ ಸಣ್ಣ ಮಾಡಿಕೊಂಡು "ಅಯ್ಯೋ, ಎರಡು ಭಾಗ ಇಲ್ವಲ್ಲ" ಅನ್ನಿ. ಬೆಲೆ ತಾನಾಗಿ ಇಳಿಯುತ್ತದೆ.

ಬ್ಲೋವರ್ ಆದರೆ ಹಿಡಿ ತಿರುಗಿಸಿ ಕೈ ಬಿಡಿ. ಇನ್ನೂ ಸ್ವಲ್ಪ ಸುತ್ತಬೇಕು. ಗರಗರ ಅಂದು ಅಲ್ಲೇ ನಿಂತರೆ ಎರಡು ಕಾರಣ ಇರಬಹುದು. ಒಳಗಿನ ಹಳೇ ಗ್ರೀಸ್ ಒಣಗಿ ಅಂಟಾಗಿರಬಹುದು, ಅದು ಸೀಮೆಎಣ್ಣೆಯಲ್ಲಿ ತೊಳೆದರೆ ಹೋಗುತ್ತದೆ. ಗಿಯರ್ ಹಲ್ಲು ಮುರಿದಿದ್ದರೆ ಹೋಗುವುದಿಲ್ಲ. ಮುಚ್ಚಳ ತೆಗೆದು ನೋಡದೆ ದುಡ್ಡು ಕೊಡಬೇಡಿ. ಕೆಳಗೆ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಅದು ದೋಷ ಅಲ್ಲ. ಈ ಹಳೇ ಬ್ಲೋವರ್‌ಗಳು ಎಣ್ಣೆ ಸೋರುವುದು ಮಾಮೂಲು. ಒಣಗಿ ನಿಂತದ್ದೇ ಅನುಮಾನ. ಚಾಂಪಿಯನ್, ಬಫಲೋ ಅಂತ ಎರಕದಲ್ಲಿ ಹೆಸರು ಕಂಡರೆ ಜಾಸ್ತಿ ಹೊತ್ತು ನಿಂತು ನೋಡಿ. ಇನ್ನೊಂದು ಮಾತು, ಕೆಲಸಕ್ಕೆ ಬರುವುದಿಲ್ಲ, ಆದರೂ ಹೇಳುತ್ತೇನೆ. 1902ರಲ್ಲಿ ಇವತ್ತಿನ ಏರ್ ಕಂಡೀಷನಿಂಗ್‌ಗೆ ಅಡಿಪಾಯ ಹಾಕಿದ ವಿಲ್ಲಿಸ್ ಕ್ಯಾರಿಯರ್ ಆಗ ಕೆಲಸಕ್ಕಿದ್ದದ್ದು ಇದೇ ಬಫಲೋ ಫೋರ್ಜ್ ಕಂಪನಿಯಲ್ಲಿ. ಕುಲುಮೆಗೆ ಗಾಳಿ ಊದುವವರ ಮನೆಯಿಂದ ತಂಪು ಗಾಳಿ ಬಂತು.

ಬ್ಲೋವರ್ ಸಿಗದಿದ್ದರೆ ಹಳೇ ಹೇರ್ ಡ್ರೈಯರ್ ಸಾಕು. ಗಾಳಿ ಕಡಿಮೆ ಮಾಡಲು ಪೈಪಿಗೊಂದು ಮುಚ್ಚಳ ಇಡಿ.

ಇಕ್ಕಳ ಕೊಳ್ಳಬೇಡಿ. ಒಂದು ಮಾತ್ರ ಕೊಳ್ಳಿ, ಉಳಿದದ್ದನ್ನು ಅದರಿಂದ ಹಿಡಿದು ಮಾಡಿ. ಸುತ್ತಿಗೆಗೆ ಹಿಡಿ ಮುರಿದ ತಲೆಗಳನ್ನೇ ಆರಿಸಿ, ತೂಕಕ್ಕೆ ಸಿಗುತ್ತವೆ. ಒಂದು ಕೆ.ಜಿ. ಸುತ್ತಿಗೆ ನಿಮಗೆ ಧಾರಾಳ ಸಾಕು.

---

ಕಿಡಿ_ಅಕ್ಕ:

ಫಿಟ್ಟರ್ ಅಣ್ಣ ಎಲ್ಲ ಹೇಳಿದರು, ಹುಡುಕುವುದು ಎಲ್ಲಿ ಅಂತ ಮಾತ್ರ ಬಿಟ್ಟರು. ನಾನು ಗುಜರಿ ಕಬ್ಬಿಣದಲ್ಲಿ ಶಿಲ್ಪ ಮಾಡುವವಳು. ನನಗೆ ಹುಡುಕಾಟವೇ ಅರ್ಧ ಕೆಲಸ.

ಜಾಹೀರಾತಿನಲ್ಲಿ 'ಅಡಿಗಲ್ಲು' ಅಂತ ಹುಡುಕಿದರೆ ಹೆಸರು ಗೊತ್ತಿರುವವರ ಮಾಲು ಸಿಗುತ್ತದೆ. ಹೆಸರು ಗೊತ್ತಿದ್ದವರಿಗೆ ಬೆಲೆಯೂ ಗೊತ್ತಿರುತ್ತದೆ. 'ಹಳೇ ಕಬ್ಬಿಣದ ದಿಮ್ಮಿ', 'ಗ್ಯಾರೇಜ್ ಸಾಮಾನು', 'ಶೆಡ್ ಖಾಲಿ ಮಾಡುತ್ತಿದ್ದೇವೆ' ಅಂತ ಹುಡುಕಿ. ಫೋಟೋದ ಹಿಂಬದಿ ನೋಡಿ. ಮುಂದೆ ಸೈಕಲ್ ಮಾರುತ್ತಿರುತ್ತಾರೆ, ಹಿಂದೆ ಮೂಲೆಯಲ್ಲಿ ವೈಸ್ ನಿಂತಿರುತ್ತದೆ. "ಅದನ್ನೂ ಕೊಡ್ತೀರಾ?" ಅಂತ ಕೇಳಲು ನಾಚಿಕೆ ಏಕೆ?

ಅದಕ್ಕಿಂತ ಒಳ್ಳೆಯದು 'ಬೇಕಾಗಿದೆ' ಅಂತ ನೀವೇ ಹಾಕುವುದು. ಫೋಟೋ ಸಮೇತ ಹಾಕಿ. ಹೆಸರು ಗೊತ್ತಿಲ್ಲದವರು ಚಿತ್ರ ನೋಡಿ ಗುರುತಿಸುತ್ತಾರೆ. ಲಾರಿ ಬಾಡಿ ಕಟ್ಟುವವರು, ಹಳೇ ಗ್ಯಾರೇಜ್, ಬಾಗಿಲು ಮುಚ್ಚುತ್ತಿರುವ ಕಾರ್ಖಾನೆ, ಹೊಸ ಮೆಷಿನ್ ತರಿಸಿ ಹಳೆಯದನ್ನು ಹೊರಗೆ ಹಾಕುವ ತಾಂತ್ರಿಕ ಶಾಲೆ, ಇಂಥ ಕಡೆ ಬಾಯಿಮಾತಿನಲ್ಲಿ ಹೇಳಿಟ್ಟು ಬನ್ನಿ. ಕಮ್ಮಾರರ ಸಂಘಗಳು ಇರುವ ಕಡೆ ಇನ್ನೂ ಸುಲಭ. ಉತ್ತರ ಅಮೆರಿಕದಲ್ಲಿ 1973ರಿಂದ ಅಬಾನಾ ಅಂತ ಸಂಘ ಇದೆ. ಅಲ್ಲಿನ ಕಮ್ಮಾರರು ಕೂಟ ಸೇರಿದಾಗ ಗಾಡಿಯ ಹಿಂಬಾಗಿಲು ತೆಗೆದು ಅಲ್ಲೇ ಸಾಮಾನು ಹರಡುತ್ತಾರೆ. ನಾಲ್ಕು ಜನ ಹವ್ಯಾಸಿಗಳು ಸೇರಿದರೆ ಎಲ್ಲಿ ಬೇಕಾದರೂ ಅದನ್ನು ಮಾಡಬಹುದು.

ಕೆಲಸಗಾರರೊಬ್ಬರು ತೀರಿಕೊಂಡ ಮನೆಗೆ ಹೋಗಬೇಕಾಗಿ ಬಂದರೆ ನಿಧಾನವಾಗಿ ನಡೆದುಕೊಳ್ಳಿ. ಚೌಕಾಸಿ ಮಾಡುವ ಜಾಗ ಅದಲ್ಲ. ಅಂಥ ಕಡೆ ನಾನು ಒಂದೊಂದೇ ಆರಿಸುವುದಿಲ್ಲ. "ಶೆಡ್ ಪೂರ್ತಿ ಖಾಲಿ ಮಾಡಿ, ಗುಡಿಸಿ ಕೊಡುತ್ತೇನೆ" ಅಂತ ಒಂದೇ ಬೆಲೆ ಹೇಳುತ್ತೇನೆ. ಅವರಿಗೆ ದುಡ್ಡಿಗಿಂತ ಆ ಹೊರೆ ಇಳಿಯುವುದು ಮುಖ್ಯವಾಗಿರುತ್ತದೆ. ಮನೆಗೆ ತಂದ ಮೇಲೆ ನನಗೆ ಬೇಡದ್ದನ್ನು ಮಾರುತ್ತೇನೆ. ಬೇಕಾದ್ದು ಹೆಚ್ಚುಕಡಿಮೆ ಪುಕ್ಕಟೆ ಉಳಿಯುತ್ತದೆ.

ಕರೆಂಟಿನ ಮೆಷಿನ್ ಬಗ್ಗೆ. ಕಾರ್ಖಾನೆಯಿಂದ ಬಂದ ಡ್ರಿಲ್, ಗ್ರೈಂಡರ್ ಬಹಳ ಕಡಿಮೆಗೆ ಸಿಗುವುದಕ್ಕೆ ಒಂದು ಕಾರಣ ಇದೆ. ಅವು ತ್ರೀ ಫೇಸ್. ಮನೆಯಲ್ಲಿ ಸಿಂಗಲ್ ಫೇಸ್ ಇದ್ದರೆ ಎಲ್ಲರೂ ಹಿಂದೆ ಸರಿಯುತ್ತಾರೆ. ಕರೆಂಟನ್ನು ತ್ರೀ ಫೇಸ್ ಮಾಡಿಕೊಡುವ ವಿ.ಎಫ್.ಡಿ. ಅಂತ ಡಬ್ಬಿ ಹಾಕಿದರೆ ಸಿಂಗಲ್ ಫೇಸ್‌ನಲ್ಲೇ ಓಡಿಸಬಹುದು, ವೇಗವನ್ನೂ ಏರಿಸಿ ಇಳಿಸಬಹುದು. ಮೋಟಾರಿನ ಫಲಕ ನೋಡಿ, ಅದರ ವೋಲ್ಟೇಜಿಗೆ ಹೊಂದುವ ಡಬ್ಬಿ ತೆಗೆದುಕೊಳ್ಳಿ, ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿ. ಡಬ್ಬಿಯ ಬೆಲೆ ಸೇರಿಸಿಯೇ ಲೆಕ್ಕ ಹಾಕಿ. ಸಾಗಿಸುವ ಖರ್ಚನ್ನೂ ಮರೆಯಬೇಡಿ. ಮೋಟಾರಿನಿಂದ ಬಡಿಯುವ ಪವರ್ ಹ್ಯಾಮರ್ ಕಡಿಮೆಗೆ ಸಿಕ್ಕಿತು ಅಂತ ಕುಣಿದು, ಆಮೇಲೆ ಕ್ರೇನ್‌ಗೆ, ಅಡಿಪಾಯಕ್ಕೆ ಅದಕ್ಕಿಂತ ಜಾಸ್ತಿ ಸುರಿದವರನ್ನು ನೋಡಿದ್ದೇನೆ.

ಗ್ರೈಂಡರ್ ಜೊತೆ ಬರುವ ಹಳೇ ಕಲ್ಲನ್ನು ಬಳಸಲೇಬೇಡಿ. ತೆಗೆದು ಬಿಸಾಡಿ, ಹೊಸದು ಹಾಕಿ. ಅದು ಎಲ್ಲಿ ಬಿದ್ದಿತ್ತೋ, ಎಲ್ಲಿ ನೆನೆದಿತ್ತೋ ಯಾರಿಗೆ ಗೊತ್ತು. ಬಿರುಕು ಬಿಟ್ಟ ಕಲ್ಲು ಪೂರ್ತಿ ವೇಗದಲ್ಲಿ ಸಿಡಿದರೆ ಎದುರಿಗಿರುವವರ ಗತಿ ಮುಗಿಯಿತು.

ಗ್ಯಾಲ್ವನೈಸ್ ಆದ ಪೈಪು, ಬಕೆಟ್ಟು, ತಗಡು ಬೆಂಕಿಗೆ ತರಬೇಡಿ. ಅದರ ಮೇಲಿನ ಸತುವು 907 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಕುಲುಮೆಯ ಬಿಸಿ ಅದಕ್ಕಿಂತ ಎಷ್ಟೋ ಮೇಲೆ. ಆ ಹೊಗೆ ಕುಡಿದರೆ ಜ್ವರ, ಚಳಿ, ಎದೆ ಬಿಗಿತ ಬರುತ್ತದೆ. ಹಳದಿ ಹೊಳಪಿನ ಹಳೇ ಬೋಲ್ಟುಗಳಿಗೆ ಕ್ಯಾಡ್ಮಿಯಂ ಲೇಪ ಇದ್ದರಂತೂ ಪ್ರಾಣಕ್ಕೇ ಕುತ್ತು. ಹಳೇ ಒಲೆ, ಬಾಯ್ಲರ್ ಸುತ್ತ ಬಿಳಿ ನಾರಿನ ಹೊದಿಕೆ ಕಂಡರೆ ಕೈ ಹಚ್ಚಬೇಡಿ, ಕಲ್ನಾರು ಇರಬಹುದು.

---

ನೇರಮಾತು:

ಎಲ್ಲರೂ ಹಳೆಯದಕ್ಕೇ ಜೈ ಅಂದರೆ ಹೇಗೆ? ನಾನು ಸ್ವಲ್ಪ ಎದುರು ಮಾತಾಡುತ್ತೇನೆ.

ಹುಡುಕಾಟ ಒಂದು ಚಟ. ಮಾಲು ಕೂಡಿಸುತ್ತಾ ಹೋಗುತ್ತಾರೆ, ಒಂದು ಮೊಳೆಯನ್ನೂ ಬಡಿಯುವುದಿಲ್ಲ. ಶೆಡ್ ತುಂಬಿದ ಮೇಲೆ ಕುಲುಮೆಗೆ ಜಾಗ ಇರುವುದಿಲ್ಲ. ಈಗ ಹೊಸ ಎರಕದ ಉಕ್ಕಿನ ಅಡಿಗಲ್ಲುಗಳು ಬರುತ್ತಿವೆ. 30 ಕೆ.ಜಿ. ಆಸುಪಾಸಿನದು ಸಾಕು ಅನ್ನುವವರಿಗೆ ಸುಸ್ತಾಗುವವರೆಗೆ ಅಲೆಯುವ ಬದಲು ಅದೇ ಲಾಭ. ಗಮನಿಸಿ, ಎರಕದ ಉಕ್ಕು ಅಂದೆ, ಬೀಡು ಕಬ್ಬಿಣ ಅಲ್ಲ. ಉಕ್ಕಿನ ಹಲಗೆ ಇಲ್ಲದ, ಪೂರ್ತಿ ಬೀಡಿನದು ನೋಡಲು ಅಡಿಗಲ್ಲಿನ ಹಾಗೇ ಇರುತ್ತದೆ, ಗುಂಡು ಬಿಟ್ಟರೆ ದೊಪ್ ಅಂತ ಕೂರುತ್ತದೆ, ಅಂಚು ಚೂರುಚೂರಾಗಿ ಉದುರುತ್ತದೆ. ಅದನ್ನು ಪುಕ್ಕಟೆ ಕೊಟ್ಟರೂ ಬೇಡ.

ಇನ್ನೊಂದು. ಲಾರಿಯ ಸ್ಪ್ರಿಂಗ್ ಪಟ್ಟಿ ಚಾಕುವಿಗೆ ಒಳ್ಳೆಯದು ಅಂತ ಎಲ್ಲರೂ ರಾಶಿ ಹಾಕುತ್ತಾರೆ. ಉಕ್ಕು ಒಳ್ಳೆಯದೇ, ಸಾಮಾನ್ಯವಾಗಿ ಇಂಗಾಲ 0.6 ಶೇಕಡ ಹತ್ತಿರ ಇರುತ್ತದೆ. ಆದರೆ ಲಕ್ಷಗಟ್ಟಲೆ ಸಲ ಬಾಗಿ ಬಂದ ಪಟ್ಟಿ ಅದು. ಕಣ್ಣಿಗೆ ಕಾಣದ ಸೀಳು ಇರಬಹುದು. ಚಾಕು ತಯಾರಾಗಿ, ಹದ ಹಾಕುವ ಹೊತ್ತಿಗೆ ಟಿಕ್ ಅನ್ನುತ್ತದೆ. ಮೊದಲು ಒಂದು ಚೂರು ಕತ್ತರಿಸಿ, ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ವೈಸ್‌ಗೆ ಹಿಡಿದು ಮುರಿದು ನೋಡಿ. ಮುರಿದ ಜಾಗದಲ್ಲಿ ಕಾಣುವ ಉಕ್ಕಿನ ಕಾಳು ಸಣ್ಣಗೆ, ಬೂದು ಬಣ್ಣಕ್ಕೆ ಇದ್ದರೆ ಮುಂದುವರಿಯಿರಿ. ಮುರಿಯುವಾಗ ಕನ್ನಡಕ ಹಾಕಿಕೊಳ್ಳಿ.

---

ಇದ್ದಿಲಬುಟ್ಟಿ:

ಎಲ್ಲರಿಗೂ ಧನ್ಯವಾದ. ಆ ಕಪ್ಪು ಅಡಿಗಲ್ಲನ್ನು ತಕ್ಕಡಿಗೆ ಹಾಕಿಸಿದೆ. 80 ಕೆ.ಜಿ. ಚಿಲ್ಲರೆ ಬಂತು. ಮಾರುವವರು ತಕ್ಕಡಿಯೇ ಸರಿ ಇಲ್ಲ ಎಂದರು. ಗುಂಡು ನಡುವಿನಲ್ಲಿ ಚೆನ್ನಾಗಿ ಪುಟಿಯಿತು, ಕೊಂಬಿನ ಕಡೆಯ ಅಂಚಿನಲ್ಲಿ ಅರ್ಧಕ್ಕೂ ಬರಲಿಲ್ಲ. ಅಲ್ಲಿ ಬಣ್ಣ ಕೆರೆಯಲು ಬಿಡಲಿಲ್ಲ. ನಮಸ್ಕಾರ ಹೇಳಿ ಬಂದೆ.

ಅಕ್ಕ ಹೇಳಿದ ಹಾಗೆ ಫೋಟೋ ಹಾಕಿ 'ಬೇಕಾಗಿದೆ' ಅಂದೆ. ಮುಚ್ಚಿದ ಗ್ಯಾರೇಜ್ ಒಂದರ ಯಜಮಾನರು ಕರೆದರು. ಅವರಲ್ಲಿ ಲೆಗ್ ವೈಸ್ ಇದೆ. ದವಡೆ ಐದು ಇಂಚು ಅಗಲ, ಸ್ಪ್ರಿಂಗ್ ಇಲ್ಲ, ಪಟ್ಟಿಯೂ ಇಲ್ಲ. ಸ್ಕ್ರೂ ಬಿಚ್ಚಿ ನೋಡಿದೆ. ತುದಿಯ ಹಲ್ಲು ಚೌಕವಾಗಿ ಹೊಸದರ ಹಾಗಿದೆ, ನಡುವೆ ಸುಮಾರು ಮೂರು ಇಂಚು ಸವೆದಿದೆ, ಆದರೆ ಚೂಪಾಗಿಲ್ಲ. ಡಬ್ಬಿ ಒಳಗೆ ಕತ್ತಲು, ಸರಿಯಾಗಿ ಕಾಣಲಿಲ್ಲ. ಫೋರ್ಕ್‌ಲಿಫ್ಟ್ ಕಾಲೂ ಒಂದಿದೆ. ಎರಡನ್ನೂ ತೂಕಕ್ಕೆ ಕೊಡುತ್ತೇನೆ ಎಂದಿದ್ದಾರೆ. ವೈಸ್ ತೆಗೆದುಕೊಳ್ಳಲಾ?

---

ಹಳೇಫಿಟ್ಟರ್:

ನಡುವೆ ಸವೆಯುವುದು ಸಹಜ. ದಿನದ ಕೆಲಸವೆಲ್ಲ ದವಡೆ ಸ್ವಲ್ಪವೇ ತೆರೆದಾಗ ನಡೆಯುವುದರಿಂದ ಮರೆಯ ಒಂದೇ ಭಾಗ ತಿನ್ನುತ್ತದೆ. ಚೂಪಾಗಿಲ್ಲ ಅಂದರೆ ನಿಮ್ಮ ಹವ್ಯಾಸಕ್ಕೆ ಬೇಕಾದಷ್ಟು ಆಯುಸ್ಸು ಇದೆ.

ಡಬ್ಬಿ ಮಾತ್ರ ಬಿಡಬೇಡಿ. ಟಾರ್ಚ್ ತೆಗೆದುಕೊಂಡು ಹೋಗಿ, ಚಿಂದಿಗೆ ಡೀಸೆಲ್ ಹಚ್ಚಿ ಒಳಗೆ ಒರೆಸಿ ನೋಡಿ. ಆಮೇಲೆ ಸ್ಕ್ರೂವಿನ ಸವೆಯದ ಭಾಗ ಒಳಗೆ ಬರುವ ಹಾಗೆ ತಿರುಗಿಸಿ, ಹಿಡಿದು ಹಿಂದೆ ಮುಂದೆ ಎಳೆದಾಡಿ. ಒಂದೆರಡು ಮಿ.ಮೀ. ಆಡಿದರೆ ಪರವಾಗಿಲ್ಲ. ಹಲ್ಲಿನ ಅರ್ಧ ದಪ್ಪದಷ್ಟು ಆಡಿದರೆ ಡಬ್ಬಿ ಹೋಗಿದೆ, ಆಗ ಬರೀ ಗುಜರಿ ಕಬ್ಬಿಣ ಅಂತಲೇ ಮಾತಾಡಿ. ದವಡೆ ಮುಚ್ಚಿದಾಗ ಮೇಲ್ತುದಿ ಎರಡೂ ಕಡೆ ಒಟ್ಟಿಗೆ ಕೂಡುತ್ತದಾ ನೋಡಿ. ಒಂದು ಕಡೆ ಸಂದು ಉಳಿದರೆ ಕೆಳಗಿನ ಕೀಲಿನ ಬೋಲ್ಟ್ ಸವೆದಿದೆ. ಅದನ್ನು ಬದಲಿಸುವುದು ದೊಡ್ಡ ಕೆಲಸ ಅಲ್ಲ.

ಸ್ಪ್ರಿಂಗ್‌ಗೆ ಅದೇ ಗ್ಯಾರೇಜಿನಲ್ಲಿ ಗಾಡಿಯ ಸ್ಪ್ರಿಂಗಿನ ತೆಳ್ಳನೆಯ ಪಟ್ಟಿ ಒಂದು ಕೇಳಿ. ಸಿಗದಿದ್ದರೆ ಮಾಮೂಲು ಕಬ್ಬಿಣದ ಪಟ್ಟಿಯೂ ಆಗುತ್ತದೆ, ದವಡೆಯನ್ನು ಹೊರಗೆ ತಳ್ಳಿದರೆ ಆಯಿತು. ಬೆಂಚಿನ ಪಟ್ಟಿಯನ್ನು ಸದ್ಯಕ್ಕೆ ಯು ಬೋಲ್ಟ್ ಹಾಕಿ ದಪ್ಪ ಮರದ ಕಂಬಕ್ಕೆ ಬಿಗಿಯಿರಿ.

ಫೋರ್ಕ್ ಕಾಲನ್ನೂ ಎತ್ತಿಕೊಂಡು ಬನ್ನಿ. ಕತ್ತರಿಸುವುದಾದರೆ ಗ್ಯಾಸ್ ಬೇಡ, ಬ್ಯಾಂಡ್ ಸಾ ಇರುವವರ ಹತ್ತಿರ ಕೊಯ್ಯಿಸಿ. ಗ್ಯಾಸ್ ತಾಗಿದ ಅಂಚಿನ ಹದ ಹೋಗುತ್ತದೆ, ನೀವು ಬಡಿಯಬೇಕಾದ ಮುಖವೇ ಅದು. ತುಂಡುಗಳನ್ನು ನೆಟ್ಟಗೆ ಒಟ್ಟಿಗೆ ನಿಲ್ಲಿಸಿ, ಮರಳು ತುಂಬಿದ ಡಬ್ಬದಲ್ಲಿ ಹೂತು, ನಿಂತು ಮುಷ್ಟಿ ಕಟ್ಟಿದರೆ ಗೆಣ್ಣು ತಾಗುವಷ್ಟು ಎತ್ತರಕ್ಕೆ ಕೂರಿಸಿ. ಇದ್ದಿಲು ತರಿಸಿಕೊಂಡಿದ್ದೀರಾ?